ಕೊರ್ವೊ ಮಾತಾಡುತ್ತಿಲ್ಲ

ರಾತ್ರಿ ಎರಡೂ ಹತ್ತಕ್ಕೆ ಕೊರ್ವೊ ಸುಮ್ಮನಾಯಿತು.

ಅಸೋರಿಶ್‌ನ ಒಂಬತ್ತು ದ್ವೀಪ, ಒಂಬತ್ತು ಯಂತ್ರ.
ನೆಲ ಎಲ್ಲಿ ನಡುಗಿದರೂ
ಒಂಬತ್ತು ಕಡೆಯೂ ಒಂದೇ ಕಡತ, ಒಂದೇ ಕ್ರಮ
ಇರಬೇಕೆಂಬ ಹಟ ಝುಲ್ಮೀರಾಳದ್ದು.
ಅವಳ ಕಸುಬು ನಡುವಿನದು:
ಮೇಲಿನವರಿಗೆ ಕಾಣದ, ಕೆಳಗಿನವರಿಗೆ ಕೇಳದ
ಓಲೆಕಾರನ ಕಸುಬು.
ಪೊಂತಾ ದೆಲ್ಗಾದಾದ ಎರಡನೇ ಮಹಡಿಯಲ್ಲಿ
ಆರಿದ ಕಾಫಿಯ ಮುಂದೆ ಕೂತು ಎಣಿಸುತ್ತಾಳೆ.
ಒಂದು ಮಿಡಿತ ತಪ್ಪಿತು. ಎರಡು.
ಮೂರು.

ಯಂತ್ರ ಸತ್ತಿತೋ, ತಂತಿ ಹರಿಯಿತೋ,
ಇಲ್ಲಾ ಮಾತು ಹೊರಟು ದಾರಿಯಲ್ಲಿದೆಯೋ,
ಇನ್ನೇನು ಬಂದೇಬಿಡುತ್ತದೋ,
ಇಲ್ಲಿ ಕೂತು ತಿಳಿಯುವ ಉಪಾಯವಿಲ್ಲ.
ತಡವಾದವರೂ ಸತ್ತವರೂ
ದೂರದಿಂದ ಒಂದೇ ಥರ ಕಾಣುತ್ತಾರೆ.
ಗಣಿತ ಇದನ್ನು ಎಂದೋ ಸಾಧಿಸಿ ಕೈ ತೊಳೆದುಕೊಂಡಿದೆ,
ನಮ್ಮದೇನಿದ್ದರೂ
ಎಷ್ಟು ಹೊತ್ತು ಕಾಯಬೇಕೆಂಬ ಲೆಕ್ಕ,
ಎನ್ನುತ್ತಾಳೆ ಹೊಸ ವಿದ್ಯಾರ್ಥಿ ದುವಾರ್ತೆಗೆ.

‘ಸುಮ್ಮನಿದ್ದರೆ ಒಪ್ಪಿದಂತೆ ಅಲ್ಲವೇ?’
ಅಲ್ಲ ಮಾರಾಯ.
ಮೌನ ಸಮ್ಮತಿಯ ಲಕ್ಷಣ ಎಂದವರು
ಕಡಲಡಿಯಲ್ಲಿ ತಂತಿ ಎಳೆದವರಲ್ಲ.
ಇಲ್ಲಿ ಹೂಂ ಎಂದವರನ್ನಷ್ಟೇ ಎಣಿಸಬೇಕು.
ಒಂಬತ್ತರಲ್ಲಿ ಐದು ಹೂಂ ಬಂದರೆ
ಪಂಚರು ಕೂತಂತೆ. ತೀರ್ಪು ತೀರ್ಪೇ.

ತಮಾಷೆಯೆಂದರೆ, ಆ ವಾರ
ಎಲ್ಲರ ಯಜಮಾನಿಕೆ ಕೊರ್ವೊದ್ದೇ ಆಗಿತ್ತು;
ಒಂದೇ ಊರಿನ, ನಾನೂರು ಚಿಲ್ಲರೆ ತಲೆಯ ಕೊರ್ವೊದ್ದು.
ಬೀಗ ಅದರ ಕೈಲಿತ್ತು.

ಝುಲ್ಮೀರಾಳ ಮೇಜಿನ ಮೇಲೂ ಒಂದು ಬೀಗವಿದೆ,
ಕೊರ್ವೊದ ಲಾವ್ರಿಯಾನು ಕೆತ್ತಿ ಕೊಟ್ಟದ್ದು.
ಬೆಳಗ್ಗೆ ಹಸು ಕರೆದು, ಆಮೇಲೆ ಅಲ್ಲಿನ ಯಂತ್ರದ
ಉಪ್ಪು ಒರೆಸುವವನು ಅವನೇ.
ಬೀಗವೂ ಮರ, ಕೀಲಿಯೂ ಮರ.
ಕಳ್ಳರಿಲ್ಲದ ಊರಲ್ಲಿ ಬೀಗ ಯಾಕೆ, ಕೇಳಿದ್ದಳು.
‘ಗಾಳಿಗೆ’ ಎಂದಿದ್ದ.

ಯಂತ್ರದ ಬೀಗವೂ ಕಳ್ಳರಿಗಲ್ಲ,
ಎರಡು ಕೈ ಒಂದೇ ಸಾಲನ್ನು ಬರೆಯದಿರಲೆಂದು.
ಅದಕ್ಕೆ ಹತ್ತು ಸೆಕೆಂಡಿನ ಗಡುವು.
ಹಿಡಿದವನು ಉಸಿರೆತ್ತದಿದ್ದರೆ
ಯಾರನ್ನೂ ಕೇಳದೆ ತಾನೇ ಬಿಚ್ಚಿಕೊಳ್ಳುತ್ತದೆ.

ಬಿಚ್ಚಿಕೊಂಡಿತು.
ಫಾಯಾಲ್ ಹೂಂ ಎಂದಿತು, ಟೆರ್ಸೇಯ್ರಾ ಹೂಂ ಎಂದಿತು,
ಸಾವೊ ಜೋರ್ಜೆ ಮಂಜಿನಲ್ಲಿ ತುಸು ತಡೆದು ಹೂಂ.
ಎರಡೂ ಹತ್ತರಿಂದ ಎರಡೂ ಹನ್ನೊಂದರೊಳಗೆ
ಪೀಕು ಹೊಸ ಯಜಮಾನ, ಅವಧಿ ನೂರಾ ಹದಿನೇಳು.
ಯಾರೂ ಅಳಲಿಲ್ಲ.

ಹನ್ನೊಂದು ದಿನ ಬಿರುಗಾಳಿ. ಹಡಗಿಲ್ಲ, ವಿಮಾನವಿಲ್ಲ.
ಪ್ರಬಂಧ ಕಳಿಸಲು ಗಡುವು:
ಭೂಮಿಯ ಮೇಲೆ ಎಲ್ಲಾದರೂ ಒಂದು ಕಡೆ
ಆ ದಿನ ಇನ್ನೂ ಮುಗಿಯದೆ ಉಳಿದಿರುವ ತನಕ.
ಕಳೆದ ವರ್ಷದ ಎರಡನೇ ವಿಮರ್ಶಕ ಕೇಳಿದ್ದ,
ಇಷ್ಟು ದೀರ್ಘ ಅಗಲಿಕೆ ನಿಜದಲ್ಲಿ ನಡೆಯುತ್ತದೆಯೇ?
ಅವಳು ಕಿಟಕಿ ತೆರೆದಳು. ಕಾಗದವೆಲ್ಲ ಹಾರಿತು.

ಹನ್ನೆರಡನೆಯ ದಿನ ಕೊರ್ವೊ ಬಂತು,
ಏನೂ ಆಗಿಲ್ಲವೆಂಬಂತೆ:
‘ನಾನು ಯಜಮಾನ, ಅವಧಿ ನೂರಾ ಹದಿನಾರು, ಬರೆದುಕೊಳ್ಳಿ.’
ಉಳಿದವರು ಬೈಯಲಿಲ್ಲ. ನಿನ್ನ ಸಂಖ್ಯೆ ಹಳತು, ಎಂದವು.
ಮನುಷ್ಯರಾಗಿದ್ದರೆ ಕೋರ್ಟು ಹತ್ತುತ್ತಿದ್ದರು.
ಅದು ಗದ್ದುಗೆಯಿಂದಿಳಿದು, ನಾಚದೆ ಕೇಳಿತು:
ನನಗೆ ತಪ್ಪಿದ ಸಾಲು ಯಾವುದರಿಂದ?

ಹನ್ನೊಂದು ದಿನವನ್ನು ಅದಕ್ಕೆ ಸುರಿದರು.
ಅದು ಒಂಟಿಯಾಗಿ ಬರೆದಿದ್ದ ಮೂರು ಸಾಲು
ಐವರ ಹೂಂ ಇಲ್ಲದ್ದು,
ನಿಯಮದಂತೆ ಅಳಿಯಿತು.

ಸಂಜೆ ಲಾವ್ರಿಯಾನುವಿನ ಫೋನು.
ಇಪ್ಪತ್ತಮೂರರ ರಾತ್ರಿ ನಡುಗಿತಲ್ಲ,
ಕೊಟ್ಟಿಗೆಯ ದೀಪ ತೂಗಿತು,
ಅದೇ ಹೊತ್ತಿಗೆ ಕರು ಹಾಕಿತು. ಸಿಕ್ಕಿತೇ ನಿನಗೆ?
ಅವಳು ಒಂಬತ್ತೂ ಕಡತ ತೆರೆದಳು.
ಒಂಬತ್ತೂ ಒಂದೇ.
ಒಂದು ಅಕ್ಷರ ಆಚೀಚೆಯಿಲ್ಲ.

‘ಇಲ್ಲ’ ಎನ್ನಬೇಕಿತ್ತು.
ತುಸು ತಡೆದಳು; ಆ ಕಡೆ ಅವನಿಗೆ
ತಂತಿ ಹರಿಯಿತೋ ಎನಿಸಿರಬೇಕು,
ಹಲೋ, ಹಲೋ, ಎನ್ನುತ್ತಿದ್ದ.

ಮರದ ಬೀಗ ಮಗುಚಿ, ಬೆನ್ನಿನ ಮೇಲೆ
ಪೆನ್ಸಿಲಿನಲ್ಲಿ ಬರೆದಳು:
ಕೊರ್ವೊ. ಇಪ್ಪತ್ತಮೂರು, ರಾತ್ರಿ. ಕರು.
‘ಹೂಂ’ ಎಂದಳು.